ಒಮ್ಮೆ ಹೇಳಬೇಕು, ಆಮೇಲೆ ಸುಮ್ಮನಾಗಬೇಕು

ನಮ್ಮ ಓಣಿಯ ವಾಟ್ಸ್‌ಆ್ಯಪ್ ಗ್ರೂಪ್ ಶುರುವಾದದ್ದು ನೀರಿನ ಸಲುವಾಗಿ. ಹುಬ್ಬಳ್ಳಿಯಲ್ಲಿ ನಳ ಯಾವಾಗ ಬರುತ್ತದೆ ಎನ್ನುವುದೇ ವಾರದ ದೊಡ್ಡ ಸುದ್ದಿ. ‘ನೀರು ಬಂದಾವ್ರಿ’ ಎಂದು ಒಬ್ಬರು ಹಾಕಿದರೆ ಓಣಿಯ ಕೊಡಗಳೆಲ್ಲ ಎಚ್ಚರಾಗುತ್ತವೆ. ಈಗ ಅಲ್ಲಿ ನೀರಿಗಿಂತ ಹೆಚ್ಚು ಬರುವುದು ರಾಜಕೀಯದ ವಿಡಿಯೊ. ಅಡ್ಮಿನ್ ಆದ ನನಗೆ ಹಿರಿಯರ ಬುದ್ಧಿಮಾತು ಒಂದೇ: ‘ಹೊಲಸಿನ ಮ್ಯಾಲ ಕಲ್ಲು ಒಗಿಬ್ಯಾಡವ್ವಾ, ಮೈಮ್ಯಾಲನ ಸಿಡೀತೈತಿ.’

ಅರ್ಧ ಒಪ್ಪುತ್ತೇನೆ. ಫೇಸ್‌ಬುಕ್ಕಿನಲ್ಲಿ ಹೆಸರು, ಮುಖ ಎರಡೂ ಇಲ್ಲದವನ ಜೊತೆ ವಾದಕ್ಕಿಳಿಯುವುದು ದಂಡ. ಅವನಿಗೆ ಬೇಕಾದದ್ದು ನಮ್ಮ ಸಿಟ್ಟು. ನಾವು ಬೈದು ಬರೆದಷ್ಟೂ ಆ ಪೋಸ್ಟ್ ಇನ್ನಷ್ಟು ಜನರ ಕಣ್ಣಿಗೆ ಬೀಳುತ್ತದೆ. ಆದರೆ ಓಣಿಯ ಗ್ರೂಪಿನಲ್ಲಿ ಸುಳ್ಳು ಹಾಕಿದವರ ಮನೆ ನಮಗೆ ಗೊತ್ತು. ಅವರ ಮಗಳ ಮದುವೆಯಲ್ಲಿ ಉಂಡು ಬಂದವರು ನಾವು. ಅಲ್ಲಿ ಬಾಯಿ ಮುಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ಊರು ನೋಡಿದೆ.

2022ರ ಏಪ್ರಿಲ್ 16. ಮಸೀದಿಯ ಮೇಲೆ ಕೇಸರಿ ಧ್ವಜ ಇರುವಂತೆ ತಿದ್ದಿದ ಚಿತ್ರವನ್ನು ಯುವಕನೊಬ್ಬ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿಕೊಂಡ. ದೂರು ದಾಖಲಾಗಿ ಅವನ ಬಂಧನವೂ ಆಯಿತು. ಆದರೂ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಜನ ಸೇರಿ ಕಲ್ಲು ತೂರಿದರು. ಪೊಲೀಸರು ಗಾಯಗೊಂಡರು. ನೂರಕ್ಕೂ ಹೆಚ್ಚು ಮಂದಿಯ ಬಂಧನವಾಯಿತು, ಯುಎಪಿಎ ಕಾಯ್ದೆಯಡಿ ಕೇಸೂ ಬಿತ್ತು. ಕೇಸು ಹಿಂಪಡೆಯಲು 2024ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ನಿರ್ಧರಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಹಿಂಪಡೆಯುವ ಆದೇಶವನ್ನು ರದ್ದುಗೊಳಿಸಿತು. ಸ್ಟೇಟಸ್ಸಿನ ಆಯುಷ್ಯ 24 ಗಂಟೆ, ಅದರಿಂದ ಹುಟ್ಟಿದ ಕೇಸಿನದು ವರ್ಷಗಟ್ಟಲೆ.

ಸ್ಟೇಟಸ್ ಕಾಣುವುದು ನಂಬರ್ ಉಳಿಸಿಕೊಂಡ ಪರಿಚಯದವರಿಗೆ. ‘ತೆಗಿಯಪ್ಪಾ ಇದನ್ನ’ ಎಂದು ಮೊದಲು ಹೇಳಬಲ್ಲವರೂ ಅವರೇ, ಸ್ಕ್ರೀನ್‌ಶಾಟ್ ಹೊಡೆದು ಬೆಂಕಿ ಹಚ್ಚಬಲ್ಲವರೂ ಅವರೇ.

ಪತ್ರಕರ್ತೆ ಗೌರಿ ಲಂಕೇಶ್ 2017ರ ಸೆಪ್ಟೆಂಬರಿನಲ್ಲಿ ಹತ್ಯೆಯಾಗುವ ಮುನ್ನ ಬರೆದ ಕೊನೆಯ ಸಂಪಾದಕೀಯದ ವಿಷಯ ಸುಳ್ಳು ಸುದ್ದಿಯೇ. ಗಣೇಶ ಹಬ್ಬಕ್ಕೆ ಸರ್ಕಾರ ಅಡ್ಡಿ ಮಾಡುತ್ತಿದೆಯೆಂಬ ವದಂತಿ ಹೇಗೆ ಹರಡಿತು ಎಂಬುದನ್ನು ಅದರಲ್ಲಿ ಬಿಡಿಸಿಟ್ಟಿದ್ದರು. ಸುಳ್ಳು ಹೇಳಿದವರು ಬದಲಾಗಲಿ ಎಂದು ಹಾಗೆ ಬರೆಯುವುದಿಲ್ಲ, ಓದುವವರಿಗೆ ಗೊತ್ತಾಗಲಿ ಎಂದು ಬರೆಯುತ್ತಾರೆ.

ನಮ್ಮ ಗ್ರೂಪಿನಲ್ಲಿ ಸುಳ್ಳು ಬಂದರೆ ಹಾಕಿದವರಿಗೆ ನಾನು ಮೊದಲು ಫೋನ್ ಮಾಡುತ್ತೇನೆ: ‘ಕಾಕಾ, ಆ ವಿಡಿಯೊ ಹಳೇದೈತ್ರಿ, ಅಳಿಸಿಬಿಡ್ರಿ.’ ನಾಲ್ಕು ಮಂದಿಯ ಮುಂದೆ ತಪ್ಪು ತೋರಿಸಿದರೆ ಮರ್ಯಾದೆಯ ಪ್ರಶ್ನೆಯಾಗಿ ಹಟ ಬೆಳೆಯುತ್ತದೆ. ಅಳಿಸದಿದ್ದರೆ ಗ್ರೂಪಿನಲ್ಲಿ ಎರಡು ಸಾಲು: ಅದು ಎಲ್ಲಿಯದು, ಯಾವ ವರ್ಷದ್ದು. ಅಷ್ಟೇ. ಕಾಕಾ ಹತ್ತು ಸಲ ಕೆಣಕಿದರೂ ಮರುಮಾತಿಲ್ಲ. ಓದಿ ಸುಮ್ಮನಿರುವ ಉಳಿದ ಮನೆಗಳಿಗೆ, ಆ ಮನೆಗಳ ಹುಡುಗರಿಗೆ ಬೇಕಾದದ್ದು ಆ ಎರಡು ಸಾಲು ಮಾತ್ರ.

ನಾನು ಓಟು ಹಾಕುವ ಪಕ್ಷಕ್ಕೆ ಲಾಭವಾಗುವ ಸುಳ್ಳು ಬಂದಾಗಲೂ ಇದೇ ಫೋನು, ಇದೇ ಎರಡು ಸಾಲು. ಹಾಗಿದ್ದರಷ್ಟೇ ಬೇರೆ ಪಕ್ಷದ ಮನೆಯವರೂ ನನ್ನ ಮಾತು ನಂಬಿಯಾರು.