ಸ್ಪ್ಯಾನಿಷ್ ಕಲಿಸಿ, ಕನ್ನಡದ ಮೂಲಕ ಕಲಿಸಿ

ಸ್ಪ್ಯಾನಿಷ್ ಕಷ್ಟ ಎಂದು ನನ್ನ ಮೊಮ್ಮಗಳು ಹೇಳಿದ್ದನ್ನು ನಾನು ಒಪ್ಪಲಿಲ್ಲ. ಅವಳು ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಆರನೇ ಕ್ಲಾಸು. ಅಲ್ಲಿ ಅವಳ ಮೂರನೇ ಭಾಷೆ ಸ್ಪ್ಯಾನಿಷ್. ನಾನು ಶಿಕಾರಿಪುರ, ಸೊರಬ ತಾಲ್ಲೂಕುಗಳ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಆ ಭಾಷೆಯನ್ನು ಓದಿದವಳಲ್ಲ. ಆದರೂ ರಜೆಗೆ ತಾಳಗುಂದಕ್ಕೆ ಬಂದ ಹುಡುಗಿ ಜಗಲಿಯಲ್ಲಿ ಕೂತು ಪಾಠ ಉರು ಹೊಡೆಯುವುದನ್ನು ಕೇಳುತ್ತಾ ಹೋದಂತೆ, ಇದರಲ್ಲಿ ಎಷ್ಟೋ ವ್ಯಾಕರಣ ಇವಳಿಗೆ ಆಗಲೇ ಬರುತ್ತದಲ್ಲ ಅನ್ನಿಸಿತು.

ಅವಳಿಗೆ ತೊಡಕಾಗಿದ್ದು ‘ಮೆ ಗುಸ್ತಾ’ ಎಂಬ ಪಾಠ. ಇಂಗ್ಲಿಷಿನಲ್ಲಿ ಇಷ್ಟಪಡುವವನೇ ಕರ್ತೃ. ಸ್ಪ್ಯಾನಿಷ್‌ನಲ್ಲಿ ಹಾಗಲ್ಲ, ಇಷ್ಟವಾಗುವ ವಸ್ತು ಕರ್ತೃ. ಈ ತಿರುವನ್ನು ಇಂಗ್ಲಿಷ್ ಬಲ್ಲ ಮಗುವಿಗೆ ಹೇಳಿಕೊಡಲು ಪುಸ್ತಕ ಪುಟಗಟ್ಟಲೆ ಹೆಣಗಿತ್ತು. ‘ನನಗೆ ಮಾವಿನಹಣ್ಣು ಇಷ್ಟ ಅಂತೀಯಲ್ಲ, ಅದೇ ಇದು’ ಅಂದೆ. ‘ಅಷ್ಟೇನಾ ಅಜ್ಜಿ?’ ಎಂದಳು. ಅಷ್ಟೇ. ತಲೆನೋವಿನ ಪಾಠವೂ ಹಾಗೆಯೇ. ‘ಮೆ ದುಎಲೆ ಲಾ ಕಬೇಸಾ’ ಎಂದರೆ ನನಗೆ ತಲೆ ನೋಯುತ್ತದೆ. ಕಾಲುಗಳಾದರೆ ಕ್ರಿಯಾಪದ ಬಹುವಚನಕ್ಕೆ ಹೋಗುತ್ತದೆ, ನಮ್ಮ ‘ನೋಯುತ್ತವೆ’ ಹಾಗೆ.

‘ಆಬ್ಲೊ’ ಎಂದರೆ ಮಾತಾಡುತ್ತೇನೆ, ‘ಆಬ್ಲಾಮೊಸ್’ ಎಂದರೆ ಮಾತಾಡುತ್ತೇವೆ. ಯಾರು ಎಂಬುದು ಕ್ರಿಯಾಪದದ ಕೊನೆಯಲ್ಲೇ ಇರುವುದರಿಂದ ‘ನಾನು, ನಾವು’ ಬಿಟ್ಟರೂ ನಡೆಯುತ್ತದೆ. ಗೆಳೆಯನಿಗೆ ‘ತು’, ಹಿರಿಯರಿಗೆ ‘ಉಸ್ತೆದ್’; ನೀನು, ನೀವು ಎಂದು ಬೆಳೆದ ಮಗುವಿಗೆ ಇದರಲ್ಲಿ ಕಲಿಯುವುದೇನಿದೆ? ಸ್ವರಗಳು ಐದು: ಆ, ಎ, ಇ, ಒ, ಉ. ಅವರ ತ, ದ ನಮ್ಮವೇ. ನಮ್ಮ ಞಕಾರದ ಉಚ್ಚಾರಕ್ಕೆ ಅಲ್ಲಿ ಪ್ರತ್ಯೇಕ ಅಕ್ಷರವೂ ಇದೆ.

ಎಲ್ಲ ಕಡೆಯೂ ಕನ್ನಡ ಕೈಹಿಡಿಯುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು. ಅರ್ಥ ನೋಡಿ ಲಿಂಗ ಹೇಳುವ ನಮ್ಮ ಮಕ್ಕಳಿಗೆ ಇದು ತಲೆಬಿಸಿ. ಆದರೆ ಶಿರಾಳಕೊಪ್ಪದಲ್ಲಿ ಉರ್ದು ಮನೆಮಾತಿನ ಮಗುವಿಗೆ ಇದು ಹೊಸದಲ್ಲ. ಉರ್ದುವಿನಲ್ಲೂ ವಸ್ತುಗಳಿಗೆ ಗಂಡು ಹೆಣ್ಣು ಉಂಟು. ಒಂದೊಂದು ಮಗು ಒಂದೊಂದು ಮನೆಮಾತಿನ ಬುತ್ತಿ ಕಟ್ಟಿಕೊಂಡು ಬರುತ್ತದೆ. ಅದನ್ನು ಬಿಚ್ಚಿಸದೆ ಪಾಠ ಮಾಡುವುದೇ ನಮ್ಮ ಭಾಷಾ ಶಿಕ್ಷಣದ ದೊಡ್ಡ ದೋಷ.

ಇದು ನನಗೆ ತಿಳಿದಿದ್ದು ಸ್ಪ್ಯಾನಿಷ್‌ನಿಂದಲ್ಲ, ತಾಂಡಾದ ಮಕ್ಕಳಿಂದ. ಶಿಕಾರಿಪುರದ ಕಡೆ ಲಂಬಾಣಿ ಮನೆಮಾತಿನ ಮಕ್ಕಳು ಬಹಳ. ಅವರಿಗೆ ಕನ್ನಡವೇ ಎರಡನೆಯದು, ಇಂಗ್ಲಿಷ್ ಮೂರನೆಯದು, ಹಿಂದಿ ನಾಲ್ಕನೆಯದು. ತ್ರಿಭಾಷಾ ಸೂತ್ರದ ಲೆಕ್ಕ ಆ ಮನೆಗಳಲ್ಲಿ ಮೊದಲ ದಿನವೇ ತಪ್ಪುತ್ತದೆ. ವಿಭಕ್ತಿ ಪಾಠ ಹೇಳುವಾಗ ದೊಡ್ಡ ತರಗತಿಯ ಒಬ್ಬ ಲಂಬಾಣಿ ಹುಡುಗಿಯನ್ನು ಕರೆದು, ‘ಇದನ್ನು ನಿಮ್ಮ ಮಾತಲ್ಲಿ ಹೇಗಂತೀರಿ, ಹೇಳಮ್ಮ’ ಎನ್ನುತ್ತಿದ್ದೆ. ಬಾಯಿ ಬಿಡದೆ ಕೂತ ಮಕ್ಕಳು ಆಗ ಮಾತಿಗಿಳಿಯುತ್ತಿದ್ದರು.

ಗೊತ್ತಿರುವ ಭಾಷೆಯಿಂದ ಗೊತ್ತಿಲ್ಲದ್ದಕ್ಕೆ ಹೋಗುವುದು ಈ ಸೀಮೆಗೆ ಹೊಸದೇನಲ್ಲ. ಪಕ್ಕದ ಮಳವಳ್ಳಿಯ ಕಂಬದ ಮೇಲೆ ಪ್ರಾಕೃತವಿದೆ. ನಮ್ಮೂರ ಪ್ರಣವೇಶ್ವರ ಗುಡಿಯೆದುರಿನ ಕಂಬದಲ್ಲಿ ಕದಂಬರ ಕಥೆಯನ್ನು ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಬರೆದ. ಅದೇ ಆವರಣದಲ್ಲಿ ಹಳೆಯ ಕನ್ನಡ ಶಾಸನವೂ ಸಿಕ್ಕಿದೆ. ಹತ್ತಿರದ ಬಳ್ಳಿಗಾವೆಯ ಕೋಡಿಯಮಠದಲ್ಲಿ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳನ್ನು ಹೇಳಿಕೊಡುತ್ತಿದ್ದರೆಂದು 1162ರ ಶಾಸನ ಹೇಳುತ್ತದೆ. ನಾಗವರ್ಮನು ‘ಕರ್ಣಾಟಕ ಭಾಷಾಭೂಷಣ’ದಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ. ಅವನ ಓದುಗರಿಗೆ ಸಂಸ್ಕೃತ ಗೊತ್ತಿತ್ತು. ಇಂದು ನಮ್ಮ ಮಕ್ಕಳಿಗೆ ಗೊತ್ತಿರುವುದು ಕನ್ನಡ.

ಈಗ ನೀತಿಯ ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢ ಹಂತದಲ್ಲಿ ಕಲಿಯಬಹುದಾದ ವಿದೇಶಿ ಭಾಷೆಗಳಲ್ಲಿ ಸ್ಪ್ಯಾನಿಷನ್ನೂ ಹೆಸರಿಸಿದೆ. ಖಾಸಗಿ ಶಾಲೆಗಳು ಅದಕ್ಕೂ ಮೊದಲೇ ಶುರುಮಾಡಿಕೊಂಡಿವೆ. ಕೇಂದ್ರೀಯ ವಿದ್ಯಾಲಯಗಳಲ್ಲಿ ಆಗಿದ್ದನ್ನು ನೆನಪಿಡಬೇಕು. 2011ರ ಒಪ್ಪಂದದಂತೆ ಆರರಿಂದ ಎಂಟನೇ ತರಗತಿಗೆ ಮೂರನೇ ಭಾಷೆಯಾಗಿ ಬಂದಿದ್ದ ಜರ್ಮನ್, 2014ರ ನವೆಂಬರಿನಲ್ಲಿ, ವರ್ಷದ ನಡುವೆಯೇ ಎದ್ದುಹೋಗಿ ಅದರ ಜಾಗಕ್ಕೆ ಸಂಸ್ಕೃತ ಬಂತು. ಜರ್ಮನ್ ಬೇಕೋ ಸಂಸ್ಕೃತ ಬೇಕೋ ಎಂದು ದೊಡ್ಡವರು ಕಿತ್ತಾಡಿದರು. ಪುಸ್ತಕ ಬದಲಿಸಿದವರು ಮಕ್ಕಳು. ಮೂರನೇ ಭಾಷೆಗೆ ಒಂದೇ ಕುರ್ಚಿ ಹಾಕಿ, ಅದಕ್ಕೆ ಅಂಕವನ್ನೂ ಕಟ್ಟಿದರೆ ಜಗಳ ತಪ್ಪುವುದಿಲ್ಲ. 2025ರಲ್ಲಿ ಸುಖದೇವ ಥೋರಟ್ ಆಯೋಗ ರಾಜ್ಯಕ್ಕೆ ಎರಡು ಭಾಷೆಗಳ ನೀತಿಯನ್ನು ಸೂಚಿಸಿದೆ. ಅದು ಜಾರಿಯಾದರೆ ಮೂರನೆಯದನ್ನು ಪರೀಕ್ಷೆಯ ಭಾರವಿಲ್ಲದೆ, ಇಷ್ಟವಿದ್ದವರಿಗೆ ಕಿವಿ ಬಾಯಿಯಿಂದ ಕಲಿಸುವುದಕ್ಕೆ ಜಾಗ ಸಿಗುತ್ತದೆ. ಅದು ಸ್ಪ್ಯಾನಿಷ್ ಇರಬಹುದು, ಹಿಂದಿ, ತುಳು ಅಥವಾ ಲಂಬಾಣಿ ಇರಬಹುದು.

ತಾಳಗುಂದದ ಹುಡುಗರಿಗೆ ಸ್ಪ್ಯಾನಿಷ್ ಯಾಕೆ ಎಂದು ಕೇಳುವವರಿದ್ದಾರೆ. ಹಳ್ಳಿಗೊಬ್ಬ ಸ್ಪ್ಯಾನಿಷ್ ಮೇಷ್ಟ್ರು ಬೇಕೆಂದು ನಾನು ಕೇಳುತ್ತಿಲ್ಲ. ಇಂಗ್ಲಿಷ್ ಮೇಷ್ಟ್ರ ಖಾಲಿ ಹುದ್ದೆ ಮೊದಲು ತುಂಬಲಿ. ಆದರೆ 20 ದೇಶಗಳ ಅಧಿಕೃತ ಭಾಷೆಗೆ ಹೋಗುವ ದಾರಿ ಇಂಗ್ಲಿಷಿನ ಮೂಲಕವೇ ಎಂದು ಸುಮ್ಮನಾದರೆ, ಇಂಗ್ಲಿಷ್ ಬಾರದ ಮಗುವಿಗೆ ಆ ದಾರಿ ಪೂರ್ತಿ ಮುಚ್ಚಿದಂತೆ. ಕನ್ನಡದಲ್ಲಿ ವಿವರಿಸಿದ ಒಂದು ಒಳ್ಳೆಯ ಸ್ಪ್ಯಾನಿಷ್ ಪಾಠಪುಸ್ತಕವಿದ್ದರೆ ಅವರಿಗೂ ದಾರಿ ತೆರೆಯುತ್ತದೆ.

ಪುಸ್ತಕ ಬರುವವರೆಗೂ ಕಾಯಬೇಕಿಲ್ಲ. ಶಾಲೆಗಳಲ್ಲಿ ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡಿದ 2015ರ ರಾಜ್ಯ ಕಾಯ್ದೆಯಿಂದಾಗಿ ಸ್ಪ್ಯಾನಿಷ್ ಕಲಿಸುವ ಖಾಸಗಿ ಶಾಲೆಯಲ್ಲೂ ಕನ್ನಡದ ಮೇಷ್ಟ್ರು ಇರಲೇಬೇಕು. ಇಬ್ಬರೂ ಕೂರುವುದು ಒಂದೇ ಸ್ಟಾಫ್ ರೂಮಿನಲ್ಲಿ. ಶಾಲೆ ಶುರುವಾಗುವ ಮೊದಲು ಒಂದು ಮಧ್ಯಾಹ್ನ ಅವರಿಬ್ಬರನ್ನು ಎದುರುಬದುರು ಕೂರಿಸಿ ಪಾಠಯೋಜನೆ ಬರೆಸಿ. ಚತುರ್ಥಿ ವಿಭಕ್ತಿ ಮತ್ತು ‘ಮೆ ಗುಸ್ತಾ’ ಒಂದೇ ವಾರದಲ್ಲಿ ಬರಲಿ. ಆ ವಾರ ಮಗು ಕಲಿಯುವುದು ಸ್ಪ್ಯಾನಿಷ್ ಒಂದನ್ನೇ ಅಲ್ಲ. ಪರೀಕ್ಷೆಗಷ್ಟೇ ಓದುತ್ತಿದ್ದ ಕನ್ನಡ ವ್ಯಾಕರಣ ಏತಕ್ಕೆ ಎಂಬುದೂ ಅದಕ್ಕೆ ತಿಳಿಯುತ್ತದೆ.