ಎರಡು ಬೆರಳಿನ ಲೆಕ್ಕ

ಐದು ಬೆರಳೂ ಒಂದೇ ಸಮನಲ್ಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಮಾತನ್ನು ಮನುಷ್ಯರ ಗುಣಭೇದಕ್ಕೆ ಹೋಲಿಕೆಯಾಗಿ ಬಳಸುವುದು ರೂಢಿ. ಆದರೆ ಮೊಬೈಲ್ ಫೋನಿಗಾಗಿ ಆಪ್ ಬರೆಯುವವರ ಪಾಲಿಗೆ ಅದು ಅಕ್ಷರಶಃ ಸತ್ಯ. ಗಾಜಿನ ಮೇಲೆ ಇಳಿದ ಬೆರಳುಗಳೆಷ್ಟು, ಯಾವುದು ಮೊದಲು ಬಂದಿತು, ಯಾವುದು ಮೊದಲು ಎದ್ದುಹೋಯಿತು ಎಂಬುದನ್ನು ಅವರು ಒಂದೊಂದಾಗಿ ಲೆಕ್ಕವಿಡಬೇಕು. ಲೆಕ್ಕ ತಪ್ಪಿದರೆ, ಮೊಮ್ಮಗುವಿನ ಭಾವಚಿತ್ರವನ್ನು ಹಿಗ್ಗಿಸಿ ನೋಡಹೊರಟ ಅಜ್ಜಿಯ ಕಣ್ಣೆದುರಿಗೇ ಚಿತ್ರವು ಚಂಗನೆ ನೆಗೆದು ಮೂಲೆ ಸೇರುತ್ತದೆ. ಅಜ್ಜಿಯಾದರೋ ತನ್ನ ಕೈಯದೇ ತಪ್ಪೆಂದು ಭಾವಿಸಿ, ಫೋನನ್ನು ಮಗನ ಕೈಗೆ ಒಪ್ಪಿಸಿ ಸುಮ್ಮನಾಗುತ್ತಾಳೆ. ತಪ್ಪು ಅಜ್ಜಿಯದಲ್ಲ; ಲೆಕ್ಕ ಬರೆದವರದು.

ಮೊದಲು ಗಾಜಿನ ವಿಚಾರ. ಅದರ ಅಡಿಯಲ್ಲಿ ಕಣ್ಣಿಗೆ ಕಾಣದಂಥ ಪಾರದರ್ಶಕ ವಾಹಕದ ಎಳೆಗಳು ಮಗ್ಗದ ಹಾಸುಹೊಕ್ಕಿನಂತೆ ಉದ್ದಕ್ಕೂ ಅಡ್ಡಕ್ಕೂ ಹರಡಿರುತ್ತವೆ. ಇಂಡಿಯಂ ಮತ್ತು ತವರದ ಆಕ್ಸೈಡನ್ನು ಈ ಕೆಲಸಕ್ಕೆ ಬಳಸುವುದು ವಾಡಿಕೆ. ಎರಡು ಎಳೆಗಳು ಹಾಯುವ ಪ್ರತಿಯೊಂದು ಸಂಧಿಯಲ್ಲಿಯೂ ಅತ್ಯಲ್ಪವಾದ ವಿದ್ಯುದಾವೇಶವು ನಿಂತಿರುತ್ತದೆ. ಮನುಷ್ಯನ ದೇಹ ವಿದ್ಯುತ್ತಿನ ವಾಹಕವಾದುದರಿಂದ, ಬೆರಳು ಹತ್ತಿರ ಬಂದೊಡನೆ ಆ ಸಂಧಿಯ ಆವೇಶ ತುಸು ಕಡಮೆಯಾಗುತ್ತದೆ. ಸೆಕೆಂಡಿಗೆ 60 ಬಾರಿ, ಅನೇಕ ಫೋನುಗಳಲ್ಲಿ ಅದಕ್ಕೂ ಹೆಚ್ಚು ಬಾರಿ, ಒಳಗಿನ ಯಂತ್ರವು ಈ ಸಂಧಿಗಳನ್ನೆಲ್ಲ ತಪಾಸಣೆ ಮಾಡುತ್ತಿರುತ್ತದೆ. ಹೀಗೆ ಸಂಧಿ ಸಂಧಿಯನ್ನೂ ಬೇರೆ ಬೇರೆಯಾಗಿ ನೋಡುವುದಕ್ಕೆ ಕಾರಣವುಂಟು. ಸಾಲುಗಳನ್ನಷ್ಟೇ ಅಳೆದರೆ, ಎರಡು ಬೆರಳು ಇಟ್ಟಾಗ ಎರಡು ಅಡ್ಡಸಾಲು, ಎರಡು ನೀಟಸಾಲು ಎಚ್ಚರಗೊಂಡು ನಾಲ್ಕು ಸಂಧಿಗಳು ತೋರುತ್ತವೆ. ನಾಲ್ಕರಲ್ಲಿ ಎರಡು ನಿಜ. ಉಳಿದೆರಡು ಇಲ್ಲದ ಬೆರಳಿನ ಭೂತಗಳು.

ಈ ಗಾಜಿನ ಚರಿತ್ರೆಯಲ್ಲಿ ಕೈನೋವಿನ ಪಾತ್ರವೂ ಇದೆಯೆಂಬುದು ಅನೇಕರಿಗೆ ತಿಳಿಯದು. ಮುಟ್ಟಿದರೆ ಅರಿಯುವ ಇಂಥ ಪರದೆಯ ಕಲ್ಪನೆಯನ್ನು ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬುವರು 1965ರಲ್ಲಿಯೇ ಪ್ರಕಟಿಸಿದ್ದರು. ವಿಮಾನ ಸಂಚಾರದ ನಿಯಂತ್ರಣಕ್ಕೆ ಅದು ಒದಗಲೆಂಬುದು ಅವರ ಆಶಯ. ಹಲವು ಬೆರಳುಗಳನ್ನು ಏಕಕಾಲದಲ್ಲಿ ಗುರುತಿಸುವ ವ್ಯವಸ್ಥೆಯನ್ನು 1982ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ನಿಮಿಷ್ ಮೆಹ್ತಾ ರಚಿಸಿದರು. ಅನಂತರ ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದಲ್ಲಿ ವೇಯ್ನ್ ವೆಸ್ಟರ್‌ಮನ್ ಎಂಬ ಸಂಶೋಧಕರು ಬಂದರು. ಕೀಲಿಮಣೆಯನ್ನು ಸತತವಾಗಿ ಒತ್ತುವುದರಿಂದ ಬರುವ ಕೈನೋವು ಅವರನ್ನು ಬಾಧಿಸುತ್ತಿತ್ತು. ಒತ್ತಬೇಕಾಗಿಲ್ಲದ, ಮೃದುವಾಗಿ ಮುಟ್ಟಿದರೆ ಸಾಕೆನಿಸುವ ಹಾಸನ್ನು ನಿರ್ಮಿಸುವುದರಲ್ಲಿ ಅವರು ತೊಡಗಿದರು. 1999ರ ತಮ್ಮ ಪ್ರೌಢಪ್ರಬಂಧವನ್ನು, ದೀರ್ಘಕಾಲದ ನೋವಿನೊಡನೆ ಹೋರಾಡಿದ ತಾಯಿಗೆ ಅರ್ಪಿಸಿದರು. ಗುರುಗಳಾದ ಜಾನ್ ಎಲಾಯಸ್‌ರೊಡನೆ ಕೂಡಿ ಅವರು ಸ್ಥಾಪಿಸಿದ್ದ ಫಿಂಗರ್‌ವರ್ಕ್ಸ್ ಎಂಬ ಸಂಸ್ಥೆಯನ್ನು ಆಪಲ್ ಕಂಪನಿ 2005ರಲ್ಲಿ ಕೊಂಡಿತು. 2007ರಲ್ಲಿ ಐಫೋನ್ ಮಾರುಕಟ್ಟೆಗೆ ಬಂದಿತು. 2009ರ ಆಂಡ್ರಾಯ್ಡ್ 2.0ರಲ್ಲಿ ಆಪ್ ಬರೆಯುವವರಿಗೂ ಹಲವು ಬೆರಳುಗಳ ಸುದ್ದಿ ದೊರೆಯತೊಡಗಿತು. ನೊಂದ ಕೈಗಾಗಿ ನಡೆದ ಸಾಧನೆಯೊಂದು ಹೀಗೆ ಸಕಲರ ಕೈಗೂ ಸಂದಿತು.

ಇನ್ನು ಗಣಿತ. ಪೈಥಾಗೊರಸನ ಪ್ರಮೇಯವನ್ನು ಉರುಹೊಡೆಯುವ ಹುಡುಗರು ಇದರಿಂದ ಏನು ಪ್ರಯೋಜನವೆಂದು ಗೊಣಗುವುದುಂಟು. ಪ್ರಯೋಜನ ಅವರ ಅಂಗೈಯಲ್ಲಿಯೇ ಇದೆ. ಒಂದು ಬೆರಳು ಪರದೆಯ ಎಡ ಅಂಚಿನಿಂದ 100 ಚುಕ್ಕಿ, ಮೇಲಂಚಿನಿಂದ 100 ಚುಕ್ಕಿ ದೂರದಲ್ಲಿಯೂ, ಇನ್ನೊಂದು ಬೆರಳು ಅದೇ ಕ್ರಮದಲ್ಲಿ 400 ಮತ್ತು 500 ಚುಕ್ಕಿ ದೂರದಲ್ಲಿಯೂ ಇವೆಯೆನ್ನೋಣ. ಅಡ್ಡಲಾಗಿ ಅಂತರ 300, ಲಂಬವಾಗಿ 400. ಆದುದರಿಂದ ನೇರ ಅಂತರ 500. ಬೆರಳುಗಳನ್ನು ಅಗಲಿಸಿದಾಗ ಈ ಅಂತರ 750 ಆದರೆ, ಚಿತ್ರವನ್ನು ಒಂದೂವರೆ ಪಟ್ಟು ಹಿಗ್ಗಿಸಬೇಕೆಂದು ಅರ್ಥ. ಆದರೆ ಎಲ್ಲಿಂದ ಹಿಗ್ಗಿಸಬೇಕು? ಚಿತ್ರದ ಮೂಲೆಯಿಂದ ಹಿಗ್ಗಿಸಿದರೆ, ಬೆರಳುಗಳ ನಡುವೆ ಇದ್ದ ಮುಖ ಜಾರಿ ಎತ್ತಲೋ ಹೋಗುತ್ತದೆ. ಎರಡು ಬೆರಳುಗಳ ನಟ್ಟನಡುವಿನ ಬಿಂದುವನ್ನು ಸ್ಥಿರವಾಗಿಟ್ಟು ಸುತ್ತಲಿನದನ್ನು ಬೆಳೆಸಿದರೆ ಮಾತ್ರ ಚಿತ್ರ ಬೆರಳಿಗೆ ಅಂಟಿಕೊಂಡಂತೆ ತೋರುತ್ತದೆ. ಹಿಗ್ಗಿನ ಪ್ರಮಾಣವನ್ನೂ ನಡುಬಿಂದುವನ್ನೂ ತಾನೇ ಎಣಿಸಿಕೊಡುವ ಸಾಧನವೊಂದು 2010ರ ಆಂಡ್ರಾಯ್ಡ್ 2.2ರಿಂದ ಸಿದ್ಧವಾಗಿ ದೊರೆಯುತ್ತದೆ.

ನಿಜವಾದ ತೊಡಕು ಇರುವುದು ಬೆರಳು ಏಳುವಾಗ. ಆಂಡ್ರಾಯ್ಡಿನಲ್ಲಿ ಪ್ರತಿ ಬೆರಳಿಗೂ ಎರಡು ಸಂಖ್ಯೆಗಳುಂಟು: ಇಂಡೆಕ್ಸ್ ಮತ್ತು ಐಡಿ. ತರಗತಿಯಲ್ಲಿ ವಿದ್ಯಾರ್ಥಿ ಕುಳಿತ ಸ್ಥಾನಕ್ಕೂ ಹಾಜರಿ ಪುಸ್ತಕದಲ್ಲಿರುವ ಅವನ ಸಂಖ್ಯೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ. ಬೆಂಚಿನ ತುದಿಯವನು ಎದ್ದುಹೋದರೆ ಪಕ್ಕದವನು ಸರಿದು ತುದಿಗೆ ಬರುತ್ತಾನೆ. ಹಾಜರಿ ಸಂಖ್ಯೆ ಮಾತ್ರ ಬದಲಾಗದು. ಮೊದಲ ಬೆರಳಿನ ಇಂಡೆಕ್ಸ್ 0, ಐಡಿಯೂ 0. ಎರಡನೆಯದರ ಇಂಡೆಕ್ಸ್ 1, ಐಡಿಯೂ 1. ಈಗ ಮೊದಲ ಬೆರಳನ್ನು ಎತ್ತಿದರೆ, ಉಳಿದ ಬೆರಳಿನ ಐಡಿ 1 ಆಗಿಯೇ ನಿಂತು, ಇಂಡೆಕ್ಸ್ ಮಾತ್ರ 0 ಆಗುತ್ತದೆ. ಇಂಡೆಕ್ಸನ್ನೇ ನಂಬಿದ ಆಪ್, ಒಂದೇ ಬೆರಳು ಕ್ಷಣಾರ್ಧದಲ್ಲಿ ಅಲ್ಲಿಂದ ಇಲ್ಲಿಗೆ ಸರಿಯಿತೆಂದು ಭ್ರಮಿಸುತ್ತದೆ. ಬೆರಳುಗಳು ಅಗಲುವುದಕ್ಕೆ ಮೊದಲಿನ ಅಂತರವನ್ನೇ ಹಿಡಿದರೂ, ಚಿತ್ರ 300 ಚುಕ್ಕಿ ಬಲಕ್ಕೂ 400 ಚುಕ್ಕಿ ಕೆಳಕ್ಕೂ ನೆಗೆಯುತ್ತದೆ. ಅಜ್ಜಿಯ ಕಣ್ಣೆದುರು ನಡೆದದ್ದು ಇದೇ. ಪರಿಹಾರ ಕಠಿನವಲ್ಲ: ಐಡಿಯನ್ನು ನೆನಪಿನಲ್ಲಿಟ್ಟು, ಬೆರಳು ಎದ್ದೊಡನೆ ಉಳಿದ ಬೆರಳಿನ ಐಡಿಯನ್ನೂ ಸ್ಥಾನವನ್ನೂ ಹೊಸದಾಗಿ ಬರೆದುಕೊಂಡು ಅಲ್ಲಿಂದ ಎಣಿಕೆಯನ್ನು ಆರಂಭಿಸಬೇಕು.

ಇನ್ನೊಂದು ತೊಡಕು ಅವಿಭಕ್ತ ಕುಟುಂಬದ್ದು. ಚಿತ್ರವೊಂದು ಉದ್ದನೆಯ ಪಟ್ಟಿಯೊಳಗೆ ಇದ್ದರೆ, ಪಟ್ಟಿಯು ತಾಯಿ, ಚಿತ್ರವು ಮಗು. ಆಪ್ ಬರೆಯುವವರೂ ಇವನ್ನು ಕರೆಯುವುದು ಹಾಗೆಯೇ. ಬೆರಳು ತುಸು ಮೇಲಕ್ಕೆ ಸರಿದರೆ ಸಾಕು, ಅದು ಪಟ್ಟಿಯನ್ನು ಉರುಳಿಸುವ ಚಲನೆಯೆಂದು ತಿಳಿದು ತಾಯಿ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಮಗುವಿಗೆ ‘ಕ್ಯಾನ್ಸಲ್’ ಎಂಬ ಆಜ್ಞೆ ಬರುತ್ತದೆ. ಆಗ ಮಗು ಅರ್ಧಕ್ಕೆ ನಿಂತ ಕೆಲಸವನ್ನು ಅಲ್ಲಿಗೇ ಮಡಚಿಡಬೇಕು. ಎರಡನೆಯ ಬೆರಳು ಇಳಿದೊಡನೆ, ಸ್ವಲ್ಪ ಹೊತ್ತು ಮಧ್ಯೆ ಬರಬಾರದೆಂದು ತಾಯಿಯನ್ನು ಪ್ರಾರ್ಥಿಸುವ ಅವಕಾಶವೂ ಮಗುವಿಗಿದೆ. ಈ ಎರಡರಲ್ಲಿ ಒಂದನ್ನು ಮರೆತರೂ ಮನೆಯಲ್ಲಿ ಗೊಂದಲವೇ.

ಇದಿಷ್ಟೂ ಸರಿಯಾದ ಮೇಲೂ ಮುಖ್ಯವಾದ ಪ್ರಶ್ನೆ ಉಳಿಯುತ್ತದೆ: ಈ ಲೆಕ್ಕವೆಲ್ಲ ಯಾರ ಕೈಗೆ? ಬೆರಳು ಎಷ್ಟು ಸರಿದರೆ ಅದನ್ನು ಚಲನೆಯೆಂದು ಎಣಿಸಬೇಕೆಂಬುದಕ್ಕೆ ಆಂಡ್ರಾಯ್ಡಿನಲ್ಲಿ ರೂಢಿಯಾದ ಮಿತಿ 8 ಡಿಪಿ. ಒಂದು ಡಿಪಿ ಎಂದರೆ ಅಂಗುಲದ 160ನೆಯ ಒಂದು ಪಾಲು. ಅಂತೂ ಸುಮಾರು ಒಂದೂಕಾಲು ಮಿಲಿಮೀಟರು. ಇಪ್ಪತ್ತರ ತರುಣನ ಬೆರಳು ಈ ಮಿತಿಯೊಳಗೆ ನಿಂತೀತು. ನಡುಗುವ ಮುದಿಗೈ ನಿಲ್ಲದು, ಮುಟ್ಟಬೇಕೆಂದಿದ್ದುದನ್ನು ಎಳೆದಂತಾಗುತ್ತದೆ. ಪಾರ್ಶ್ವವಾಯುವಿನಿಂದ ಒಂದು ಕೈ ಸ್ವಾಧೀನ ತಪ್ಪಿದವರು, ಒಂದು ಕೈಯಲ್ಲಿ ಕೂಸನ್ನು ಎತ್ತಿಕೊಂಡ ತಾಯಂದಿರು, ಎರಡು ಬೆರಳಿನ ಚಲನೆಯೊಂದೇ ದಾರಿಯೆಂದರೆ ಏನು ಮಾಡಬೇಕು? ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಎಂಬ ಸೌಲಭ್ಯ 2009ರಿಂದ ಐಫೋನಿನಲ್ಲಿ ಇದ್ದು, ಅಂಧರು ಫೋನನ್ನು ಬಳಸುವುದು ಸಾಧ್ಯವಾಗಿದೆ. ಅದು ನಡೆಯುತ್ತಿರುವಾಗ ಬೆರಳಿನ ಚಲನೆಗಳಿಗೆ ಬೇರೆಯೇ ಅರ್ಥ. ತನ್ನದೇ ವಿಚಿತ್ರ ಚಲನೆಯನ್ನಷ್ಟೇ ನೆಚ್ಚಿದ ಆಪ್ ಅವರಿಗೆ ಬಾಗಿಲು ಮುಚ್ಚಿದಂತೆಯೇ ಸರಿ.

ಈ ನ್ಯಾಯವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2018ರ ತನ್ನ ಮಾರ್ಗಸೂಚಿಯಲ್ಲಿ ನಿಯಮವಾಗಿಯೇ ಬರೆದಿದೆ: ಹಲವು ಬೆರಳುಗಳಿಂದ ಆಗುವ ಕೆಲಸ, ಆ ಚಲನೆ ಅನಿವಾರ್ಯವಾದ ಸಂದರ್ಭವನ್ನು ಬಿಟ್ಟರೆ, ಒಂದು ಬೆರಳಿನ ಸರಳ ಸ್ಪರ್ಶದಿಂದಲೂ ಆಗಬೇಕು. ಚಿತ್ರದ ಮೂಲೆಯಲ್ಲಿ ಕೂಡುವ ಚಿಹ್ನೆಯದೊಂದು, ಕಳೆಯುವ ಚಿಹ್ನೆಯದೊಂದು ಗುಂಡಿಯಿಟ್ಟರೆ ಕೆಲಸ ಮುಗಿಯಿತು. ನೋಟದ ಅಂದ ಕೆಡುತ್ತದೆಂದು ಅದನ್ನು ಕೈಬಿಡುವವರಿದ್ದಾರೆ. ಅವರ ಅಂದದ ಬೆಲೆಯನ್ನು ತೆರುವವರು ಬೇರೆಯವರು.

ಮನೆಯವರು ಮಾಡಬಹುದಾದುದೂ ಉಂಟು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬ ಭಾಗವನ್ನು ತೆರೆದರೆ, ಬೆರಳನ್ನು ಎಷ್ಟು ಹೊತ್ತು ಒತ್ತಿಹಿಡಿಯಬೇಕೆಂಬ ಅವಧಿಯನ್ನು ಹಿರಿಯರ ಕೈಗೆ ಹೊಂದುವಂತೆ ಬದಲಿಸಬಹುದು. ಗೂಗಲ್ ಮ್ಯಾಪ್ಸ್‌ನಲ್ಲಿ ಒಂದೇ ಬೆರಳಿನಿಂದ ಎರಡು ಬಾರಿ ತಟ್ಟಿ, ಎರಡನೆಯ ಸಲ ಬೆರಳನ್ನು ಎತ್ತದೆ ಮೇಲೆ ಕೆಳಗೆ ಸರಿಸಿದರೆ ನಕ್ಷೆ ಹಿಗ್ಗಿ ಕುಗ್ಗುತ್ತದೆ. ಆಪ್ ಬರೆಯುವ ಮಕ್ಕಳಿರುವ ಮನೆಯಾದರೆ, ಅವರು ಬರೆದುದನ್ನು ಮೊದಲು ಮನೆಯ ಹಿರಿಯರ ಕೈಗೆ ಕೊಟ್ಟು, ಏನೊಂದನ್ನೂ ಹೇಳಿಕೊಡದೆ, ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಆ ಬೆರಳುಗಳನ್ನು ನೋಡುವುದು ಲೇಸು.