ಘಾಟಿ ಹತ್ತುವಾಗ ಎಕೋ ಮೋಡ್ ಏಕೆ?

‘ಗಾಡಿಗೆ ಪಿಕಪ್ ಇಲ್ಲ’ ಎಂಬ ದೂರಿನ ಮೂಲ ಎಷ್ಟೋ ಸಲ ಎಂಜಿನ್‌ನಲ್ಲಿ ಇರುವುದಿಲ್ಲ. ಡ್ಯಾಶ್‌ಬೋರ್ಡಿನ ಹಸಿರು ದೀಪದಲ್ಲಿರುತ್ತದೆ. ಪೆಟ್ರೋಲ್ ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಎಕೋ ಗುಂಡಿ ಒತ್ತಿಟ್ಟು ಮರೆತವರೇ ಹೆಚ್ಚು. ಅದನ್ನು ಆರಿಸಿದರೆ ಹಣ ಪೋಲು ಎಂಬ ಅಳುಕು ಬೇರೆ.

ಅಸಲಿಗೆ ಆ ಗುಂಡಿ ಮಾಡುವುದೇನು? ಹಿಂದೆ ಆಕ್ಸಿಲರೇಟರ್‌ನಿಂದ ಎಂಜಿನ್‌ಗೆ ಕೇಬಲ್ ಎಳೆದಿರುತ್ತಿತ್ತು. ಈಗ ನಡುವೆ ಕಂಪ್ಯೂಟರ್ ಕೂತಿದೆ. ಎಕೋ ಮೋಡ್‌ನಲ್ಲಿ ಅದು ಕಾಲಿನ ಮಾತನ್ನು ಪೂರ್ತಿ ಕೇಳುವುದಿಲ್ಲ: ಅರ್ಧ ತುಳಿದರೆ ಅರ್ಧಕ್ಕಿಂತ ಕಡಿಮೆ ಎಳೆತ ಕೊಡುತ್ತದೆ. ಆಟೋಮ್ಯಾಟಿಕ್ ಕಾರಾದರೆ ಬೇಗ ಮೇಲಿನ ಗೇರಿಗೆ ಹೋಗುತ್ತದೆ. ಕೆಲವು ಕಾರುಗಳಲ್ಲಿ ಎಸಿಯೂ ಮಂದವಾಗುತ್ತದೆ.

ಭಾರತಕ್ಕೆ ಇದು ಹೊಸದೇನಲ್ಲ. 2014ರಲ್ಲಿ ಬಂದ ಪೆಟ್ರೋಲ್ ಟಾಟಾ ಜೆಸ್ಟ್‌ನಲ್ಲೇ ಎಕೋ, ಸಿಟಿ, ಸ್ಪೋರ್ಟ್ ಮೋಡ್‌ಗಳಿದ್ದವು. 2021ರ ಡೀಸೆಲ್ ಎಕ್ಸ್‌ಯುವಿ 700ರ ಮೋಡ್‌ಗಳಿಗೆ ಮಹೀಂದ್ರಾ ‘ಜಿಪ್, ಜ್ಯಾಪ್, ಜೂಮ್’ ಎಂದು ಹೆಸರಿಟ್ಟಿತು. ಹೆಸರು ಕೇಳಿ ಇಂಧನ ಉಳಿಸುವುದು ಯಾವುದೆಂದು ಊಹಿಸುವುದು ಕಷ್ಟ, ಅದು ಜಿಪ್.

ಬೆಂಗಳೂರಿನಲ್ಲಿ ಎಕೋಗೆ ನಿಜಕ್ಕೂ ಕೆಲಸವಿದೆ. ಟಾಮ್‌ಟಾಮ್ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ನಗರದ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಹಸಿರು ಬಿದ್ದ ಕೂಡಲೇ ಚಿಮ್ಮಿ ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತುವವರು ಸುಟ್ಟ ಪೆಟ್ರೋಲನ್ನು ಬ್ರೇಕಿನ ಬಿಸಿಯಾಗಿ ಕಳೆಯುತ್ತಾರೆ. ಹೀಗೆ ನುಗ್ಗಿ ಓಡಿಸಿದರೆ ನಿಂತು ಸಾಗುವ ಟ್ರಾಫಿಕ್‌ನಲ್ಲಿ ಮೈಲೇಜ್ ಶೇ 10ರಿಂದ 40ರವರೆಗೂ ಇಳಿಯಬಹುದು ಎನ್ನುತ್ತದೆ ಅಮೆರಿಕದ ಇಂಧನ ಇಲಾಖೆ. ಎಕೋ ಆ ಆತುರಕ್ಕೆ ಲಗಾಮು. ಮೊದಲೇ ಹದವಾಗಿ ತುಳಿಯುವವರಿಗೆ ಅದರಿಂದ ಸಿಗುವ ಲಾಭ ಅಲ್ಪ. ಹೆದ್ದಾರಿಯಲ್ಲಂತೂ ವೇಗದ್ದೇ ಕಾರುಬಾರು: 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟು ಮೀರುತ್ತದೆ, ಯಾವ ಮೋಡ್ ಇದ್ದರೂ.

ಶಿರಾಡಿ, ಚಾರ್ಮಾಡಿ ಘಾಟಿಗಳ ಮಾತು ಬೇರೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಮುಂದೆ ತೆವಳುವ ಟ್ಯಾಂಕರ್. ಸಿಕ್ಕ ಸಣ್ಣ ಅವಕಾಶದಲ್ಲಿ ಓವರ್‌ಟೇಕ್‌ಗೆ ಹೊರಟಾಗ ಕಾರು ಅರೆಗಳಿಗೆ ಅನುಮಾನಿಸಿದರೂ ಅಪಾಯ. ಪೂರ್ತಿ ತುಳಿದರೆ ಹಲವು ಕಾರುಗಳು ಎಕೋದಲ್ಲೂ ಪೂರ್ತಿ ಬಲ ಕೊಡುತ್ತವೆ, ಆದರೆ ಎಲ್ಲವೂ ಅಲ್ಲ. ಅದನ್ನು ಪರೀಕ್ಷಿಸುವ ಜಾಗ ಘಾಟಿಯಂತೂ ಅಲ್ಲ. ಹತ್ತುವ ಮೊದಲೇ ಎಕೋ ಆರಿಸಿಬಿಡಬೇಕು. ಅದಕ್ಕೆ ಖರ್ಚಾಗುವ ಪೆಟ್ರೋಲ್ ಶಿರಾಡಿ ಬುಡದ ಗುಂಡ್ಯದಲ್ಲಿ ಕುಡಿಯುವ ಕಾಫಿಯ ಬೆಲೆಗೂ ಸಮವಾಗುವುದು ಅನುಮಾನ.

ಇಳಿಯುವಾಗಲೂ ಅಷ್ಟೇ. ಎಕೋದ ಆಟೋಮ್ಯಾಟಿಕ್ ಮೇಲಿನ ಗೇರಿಗೆ ಜಾರಿದರೆ ಎಂಜಿನ್‌ನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಅದಕ್ಕಿಂತ ಕೆಟ್ಟ ಉಳಿತಾಯ, ನ್ಯೂಟ್ರಲ್‌ಗೆ ಹಾಕಿ ಇಳಿಸುವುದು. ಇಂದಿನ ಕಾರುಗಳಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಇಂಜೆಕ್ಟರ್‌ಗಳು ಇಂಧನ ಬಿಡುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ನೋಡಿಕೊಳ್ಳಲು ಇಂಧನ ಸುಡಲೇಬೇಕು. ಉಳಿಸಲು ಹೋಗಿ ಹೆಚ್ಚು ಸುಟ್ಟು, ಹಿಡಿತವನ್ನೂ ಕಳೆದುಕೊಂಡಂತೆ.

ತಯಾರಕರ ಮೇಲೂ ಒಂದು ತಕರಾರಿದೆ. ಕೆಲವು ಕಾರುಗಳಲ್ಲಿ ಮೋಡ್ ಬದಲಿಸಲು ಟಚ್‌ಸ್ಕ್ರೀನ್‌ನೊಳಗೆ ತಡಕಾಡಬೇಕು. ತಿರುವಿನಲ್ಲಿ ಅದು ಆಗದ ಮಾತು. ಶೋರೂಮಿನಲ್ಲಿ ಸನ್‌ರೂಫ್ ತೆರೆಸಿ ನೋಡುವವರು ಇದನ್ನೂ ನೋಡಲಿ: ರಸ್ತೆಯಿಂದ ಕಣ್ಣು ತೆಗೆಯದೆ ಆ ಗುಂಡಿ ಕೈಗೆ ಸಿಗುತ್ತದೆಯೇ? ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಕಾರು ಯಾವ ಮೋಡ್‌ಗೆ ಮರಳುತ್ತದೆ?